ಸಮಾ ಒಂದು ಫೋಟೋ

ನನ್ನ ಮಗಳು ಒಂದು ಕಡೆ ಸುಮ್ಮನೆ ಕೂತದ್ದನ್ನು ನಾನು ಬಹಳ ಕಾಲ ನೋಡಿರಲಿಲ್ಲ. ನಿದ್ದೆಯಲ್ಲೂ ಚಾಪೆಯ ಈ ತುದಿಯಿಂದ ಆ ತುದಿಗೆ ಉರುಳುತ್ತಿದ್ದಳು. ಇಂಥ ಮಗುವಿನ ಫೋಟೋ ತೆಗೆಯುತ್ತೇನೆಂದು ಕ್ಯಾಮೆರಾ ಕೊಂಡವಳು ನಾನು. ಅಲ್ಲಿಯವರೆಗೆ ಮೊಬೈಲಿನಲ್ಲಿ ತೆಗೆದರೂ ಜನರ ತಲೆ ಹಾರಿಸುತ್ತಿದ್ದವಳು.

ಕ್ಯಾಮೆರಾ ಬೇಕಾದದ್ದು ಆಯಿಗಾಗಿ. ನನ್ನ ತಾಯಿಯನ್ನು ನಾನು ಆಯಿ ಎಂದೇ ಕರೆಯುವುದು. ಹೊನ್ನಾವರದ ಮೀನುಪೇಟೆಯಲ್ಲಿ ಕೂತು, ಮೀನು ಮಾರಿ ನನ್ನನ್ನು ಓದಿಸಿದವಳು. ಬಂಗಡೆಯ ಕಣ್ಣು ನೋಡಿದರೆ ಸಾಕು, ಇವತ್ತಿನದೋ ನಿನ್ನೆಯದೋ ಹೇಳುತ್ತಿದ್ದಳು. ಅಂಥವಳ ಕಣ್ಣೇ ಹೋಗತೊಡಗಿತು. ಮೊದಲು ಗಿರಾಕಿಗಳ ಗುರುತು ತಪ್ಪಿತು. ಎಷ್ಟೋ ವರ್ಷದಿಂದ ಬರುತ್ತಿದ್ದ ಟೀಚರೊಬ್ಬರನ್ನು ಎದುರಿಗೇ ನಿಲ್ಲಿಸಿಕೊಂಡು "ನೀವ್ಯಾರು" ಎಂದು ಕೇಳಿದಳಂತೆ. ಅವರು ಬೇಜಾರು ಮಾಡಿಕೊಂಡು ಪಕ್ಕದವಳ ಬುಟ್ಟಿಗೆ ಹೋದರು. ಕುಮಟೆಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ನಡುವಿನ ನೋಟ ಸವೆಯುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ, ಓಡಾಡಲು ತೊಂದರೆಯಿಲ್ಲ ಎಂದರು. ನನ್ನ ಕಿವಿಗೆ ಬಿದ್ದದ್ದು ವಾಪಸು ಬರುವುದಿಲ್ಲ ಎಂಬ ಮಾತು ಮಾತ್ರ. ಅಂಚಿನ ನೋಟ ಎಂದರೆ ಎಂಥದ್ದು ಎಂದು ಕೇಳುವಷ್ಟು ಸಮಾಧಾನ ನನಗಿರಲಿಲ್ಲ.

ತಿರುಗಿ ಬರುವಾಗ ಬಸ್ಸು ಹಳದೀಪುರ ದಾಟಿತು. ಆಯಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಹುಡುಗಿ ಮುಖ ಒಂದ್ಸಲ ಸಮಾ ನೋಡ್ಬೇಕಿತ್ತೇ" ಅಂದಳು.

"ದಿನಾ ನೋಡ್ತಿದ್ಯಲ್ಲ."

"ಎಂತ ನೋಡೂದು? ತೊಟ್ಲಲ್ಲಿದ್ದಾಗಿನ ಮುಖ ಅದೆ ನನ್ ಹತ್ರ. ಈಗಿಂದು ಇಲ್ಲ. ಹತ್ರ ಹಿಡ್ಕಂಡು ನೋಡ್ವ ಅಂದ್ರೆ ಅದು ನಿಲ್ಲೂದೇ ಇಲ್ಲ."

ಆಗಿನ್ನೂ ಆಯಿ ಕ್ಯಾಲೆಂಡರನ್ನು ಮೂಗಿನ ಹತ್ತಿರ ತಂದರೆ ದೊಡ್ಡ ಅಂಕಿಗಳನ್ನು ಓದುತ್ತಿದ್ದಳು. ಹಾಗಾದರೆ ದೊಡ್ಡದೊಂದು ಫೋಟೋ ಮಾಡಿಸಿದರೆ, ಮುಖವೇ ಕ್ಯಾಲೆಂಡರಿನಷ್ಟು ಅಗಲವಿದ್ದರೆ, ಕಾಣದೆ ಏನು ಎಂದುಕೊಂಡೆ. ಉಳಿದ ನೋಟ ಹೋಗುವುದರೊಳಗೆ ಒಂದು ಫೋಟೋ ಆಗಬೇಕಿತ್ತು, ಅಷ್ಟೇ.

ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯೊಂದರಲ್ಲಿ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಸಿಕ್ಕಿತು. ಅಂಗಡಿಯವರು ಫೋನಿನಲ್ಲಿ ತಮ್ಮ ನವಾಯತಿ ಭಾಷೆ ಮಾತಾಡುತ್ತಲೇ ಅದನ್ನು ಒರೆಸಿ ಕೊಟ್ಟು, ನನ್ನ ಕಡೆ ತಿರುಗಿ, "ಸಣ್ ಮಕ್ಕಳದ್ದು ತೆಗೀಲಿಕ್ಕಾ? ಹಾಗಾದ್ರೆ ಮೊದ್ಲು ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ ಅಕ್ಕಾ" ಎಂದು ನಕ್ಕರು. ನಾನು ನಗಲಿಲ್ಲ. ತಮಾಷೆಯಲ್ಲ ಎಂದು ಆಮೇಲೆ ಮಂಡಿಯೇ ಹೇಳಿತು.

ಕರ್ಕಿಯ ನಮ್ಮ ಮನೆಯೊಳಗೆ ಬೆಳಕು ಕಡಿಮೆ. ಶಟರಿನ ವೇಗ ಜೋರು ಮಾಡಿದರೆ ಫೋಟೋ ಕಪ್ಪು, ನಿಧಾನ ಮಾಡಿದರೆ ಮಗಳ ಜಾಗದಲ್ಲಿ ಬರೀ ಹೊಗೆ. ಶುರುವಿನಲ್ಲಿ ಸಿಕ್ಕಿದ್ದೆಲ್ಲ ಜಡೆಯ ತುದಿ, ಅರ್ಧ ಫ್ರಾಕು, ಅವಳು ಆಗಲೇ ಬಿಟ್ಟುಹೋದ ಬಾಗಿಲು. ಗಂಡ ಬೋಟಿನಿಂದ ಬಂದವನು ಒಂದೊಂದನ್ನೇ ನೋಡಿ, "ಬಾಗ್ಲು ಚಲೋ ಬಂದದೆ" ಅಂದ. ನನಗೆ ಸಿಟ್ಟು ಬೇಗ. ಅವನ ಮೇಲಿನದನ್ನೂ ಮಗಳ ಮೇಲೆಯೇ ತೀರಿಸಿದೆ. ನಿಲ್ಲು ಎಂದು ಕೂಗಿದಷ್ಟೂ ಅವಳು ಓಡಿದಳು. ವೀಡಿಯೋ ನೋಡಿ ನೋಡಿ ಸ್ವಲ್ಪ ಸ್ವಲ್ಪ ಕಲಿತೆ. ಅವಳ ಕಣ್ಣಿನ ಮಟ್ಟಕ್ಕೆ ನಾನು ಮಂಡಿಯೂರಿ ಇಳಿಯಬೇಕು, ಬೆಳಿಗ್ಗೆ ಬಾಗಿಲ ಪಕ್ಕದಲ್ಲೇ ತೆಗೆಯಬೇಕು, ನಗು ಎಂದು ಹೇಳಲೇಬಾರದು, ಕೈಗೊಂದು ಕೆಲಸ ಕೊಡಬೇಕು. ಒಣ ಸಿಗಡಿಯ ತಲೆ ಮುರಿಯಲು ಕೂರಿಸಿದೆ. ನಾನು ಫೋಕಸ್ ಮಾಡುವುದರೊಳಗೆ ಸಿಗಡಿ ಬೆಕ್ಕಿನ ಪಾಲಾಗಿ, ಬೆಕ್ಕಿನ ಹಿಂದೆ ಮಗಳೂ ಹೋಗಿದ್ದಳು.

ಕೊನೆಗೆ ದಾರಿ ತೋರಿಸಿದ್ದು ಅವಳೇ. ಅಂಗನವಾಡಿಯಿಂದ ಒಂದು ಆಟ ಕಲಿತು ಬಂದಳು. ಒಬ್ಬರು 'ಸ್ಟ್ಯಾಚು' ಎಂದರೆ ಇನ್ನೊಬ್ಬರು ಹೇಗಿದ್ದಾರೋ ಹಾಗೇ ಕಲ್ಲಾಗಬೇಕು, 'ಓವರ್' ಎನ್ನುವವರೆಗೆ ಮಾತಿಲ್ಲ, ಅಲುಗುವಂತಿಲ್ಲ. ನಾನು ಆ ಆಟವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಂಗಳದಲ್ಲಿ ಅವಳು ಓಡುತ್ತಿರುವಾಗ ಸ್ಟ್ಯಾಚು ಎನ್ನುವುದು, ನಿಂತರೆ ಮುದ್ದು ಮಾಡುವುದು, ಅಲುಗಿದರೆ ಮುಖ ತಿರುಗಿಸುವುದು. ಮಗಳು ಬೇಗ ಕಲಿತಳು. ನಿಂತರೆ ಅಮ್ಮನಿಗೆ ಖುಷಿ ಎಂಬುದೊಂದು ಅವಳಿಗೆ ಚೆನ್ನಾಗಿ ತಿಳಿಯಿತು.

ಅದೇ ದಿನಗಳಲ್ಲಿ ಆಯಿಯ ಮೇಲೂ ನನಗೆ ಸಿಟ್ಟು ಬರುತ್ತಿತ್ತು. ಮೊಮ್ಮಗಳು ಎದುರಿಗೆ ಕುಣಿಯುತ್ತಿದ್ದರೆ ಇವಳು ಜಗಲಿಯಲ್ಲಿ ಕೂತು, ಮುಖವನ್ನು ಅತ್ತ ಗೋಡೆಯ ಕಡೆಗೆ ತಿರುಗಿಸಿಕೊಂಡಿರುತ್ತಿದ್ದಳು. ಜೀವಕ್ಕೆ ಬೇಸರ ಬಂದು ಹೀಗೆ ಮಾಡುತ್ತಾಳೆ ಎಂದೇ ನನ್ನ ಲೆಕ್ಕ. "ಹುಡುಗಿ ಇಲ್ಲಿ ಆಡ್ತಾ ಇದ್ರೆ ನೀ ಗೋಡೆ ನೋಡ್ತಾ ಕೂತ್ರೆ ಹೆಂಗೆ ಆಯಿ?" ಎಂದು ಒಂದು ದಿನ ಕೇಳಿಯೂಬಿಟ್ಟೆ. "ನನ್ ಪಾಡಿಗೆ ನಾ ಇರ್ತೆ, ಬಿಡು" ಅಂದಳು. ನಾನು ಸ್ಟ್ಯಾಚು ಎಂದಾಗಲೆಲ್ಲ ಅವಳು ಉಸಿರು ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನೋಡಿದ್ದೆ. ಏನೋ ನೀರು ಸುರಿಯುತ್ತಿರಬೇಕು ಎಂದುಕೊಂಡೆ.

ಆ ಫೋಟೋ ಒಂದು ಬೆಳಿಗ್ಗೆ ಆಯಿತು. ಸ್ಟ್ಯಾಚು ಎಂದಾಗ ಬಾಗಿಲಲ್ಲಿ ನಗುತ್ತಲೇ ನಿಂತುಬಿಟ್ಟ ಮಗಳು, ಕೆನ್ನೆಯ ಮೇಲೆ ಓರೆಯಾಗಿ ಬಿದ್ದ ಬೆಳಕು, ಹುಬ್ಬಿನ ಮೇಲೆ ಎಂದೋ ಬಿದ್ದು ಮಾಡಿಕೊಂಡ ಗಾಯದ ಕಲೆ, ಗಲ್ಲಕ್ಕೆ ಅಂಟಿದ ಒಂದು ಅನ್ನದ ಅಗಳು. ಕಣ್ಣಿನ ರೆಪ್ಪೆಗಳನ್ನು ಎಣಿಸಬಹುದಿತ್ತು. ನಾನು ತೆಗೆದದ್ದೇ ಎಂದು ನನಗೇ ನಂಬಿಕೆ ಬರಲಿಲ್ಲ. ಕುಮಟೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಬಸ್ಸಿನಲ್ಲಿ ಯಾರ ಚೀಲವೂ ತಾಗದಂತೆ ತೊಡೆಯ ಮೇಲಿಟ್ಟುಕೊಂಡು ತಂದೆ.

ಆಯಿ ಕೈ ತೊಳೆದು ಬಂದು ಫೋಟೋ ಹಿಡಿದಳು. ಹತ್ತಿರ ತಂದಳು, ದೂರ ಮಾಡಿದಳು. ಸೆರಗಿನಿಂದ ಒರೆಸಿದಳು. "ಇದ್ಕೆ ಎಂತಾರೂ ಹತ್ತಿದ್ಯನೇ?" ಅಂದಳು.

"ಇಲ್ಲ ಆಯಿ. ಸರಿ ನೋಡು."

"ಬಾಗ್ಲು ಕಾಣ್ತದೆ. ಫ್ರಾಕು ಕಾಣ್ತದೆ. ಮುಖ ಇದ್ದಲ್ಲಿ ಮಸಿ ಬಳ್ದಂಗೆ ಅದೆ."

ನಾನು ಅತ್ತುಬಿಟ್ಟೆ. ಆಯಿ ಅಳಲಿಲ್ಲ. ಫೋಟೋವನ್ನು ಮಡಿಲಲ್ಲಿಟ್ಟುಕೊಂಡು, ಅದರ ಅಂಚು ಸವರುತ್ತಾ, ನನಗೇ ಸಮಾಧಾನ ಹೇಳುವ ದನಿಯಲ್ಲಿ ಮಾತಾಡಿದಳು.

"ನಾ ಎಂತನ್ನ ನೋಡ್ತ್ನೋ ಅದು ಕಾಣೂದಿಲ್ಲ. ಬದೀಲಿದ್ದದ್ದು ಕಾಣ್ತದೆ. ಅದ್ಕೇ ಗೋಡೆ ನೋಡ್ತಾ ಕೂರೂದು. ಹುಡುಗಿ ಬದೀಲಿ ಓಡ್ತದಲ್ಲ, ಜಡೆ ಹಾರ್ತದೆ, ಕೈ ಬೀಸ್ತದೆ, ಅದು ಸಮಾ ಕಾಣ್ತದೆ. ನೀ ಸ್ಟ್ಯಾಚು ಅಂದ್ ಕೂಡ್ಲೆ ಅಲುಗೂದು ನಿಲ್ತದೆ, ಹುಡುಗಿ ಇಲ್ಲ ಆಗೋಗ್ತದೆ."

"ಮೊದ್ಲೇ ಹೇಳೂಕೆ ಎಂತಾಗಿತ್ತು?"

"ನೀ ಅಷ್ಟು ಕಷ್ಟಪಟ್ಟು ಕಲೀತಿದ್ದೆ. ಒಂದ್ ವೇಳೆ ಕಂಡ್ರೆ ಕಾಣ್ಲಿ ಅಂತ ಸುಮ್ಗಿದ್ದೆ. ಆತು, ಬಿಡು. ಓಡೂಕೆ ಬಿಡು ಅದ್ಕೆ."

ಕ್ಯಾಮೆರಾವನ್ನು ಕಪಾಟಿಗೆ ಹಾಕಿದೆ. ಮಗಳನ್ನು ಕರೆದು, ಇನ್ನು ಸ್ಟ್ಯಾಚು ಬೇಡ, ಅಜ್ಜಿಗೆ ಫೋಟೋ ಕಾಣಲಿಲ್ಲ, ನೀನು ಓಡಿ ಆಡು ಎಂದೆ. ಅವಳು ಫೋಟೋ ನೋಡಿದಳು, ಅಜ್ಜಿಯನ್ನು ನೋಡಿದಳು. ಏನೋ ಯೋಚನೆ ಮಾಡುತ್ತಾ ಅಂಗಳಕ್ಕೆ ಹೋದಳು.

ಅವತ್ತು ದೀಪ ಹಚ್ಚುವ ಹೊತ್ತಿಗೆ ಆಯಿ ಜಗಲಿಯಲ್ಲಿ ಕೂತಿದ್ದಳು. ಮುಖ ಗೋಡೆಯ ಕಡೆಗೇ, ಏಕೆಂದು ಈ ಸಲ ನನಗೆ ಗೊತ್ತಿತ್ತು. ಮಗಳು ಅಂಗಳದ ತುದಿಯಿಂದ ಓಡಿ ಬಂದಳು. ಆಯಿಯ ತುಟಿ ಅರಳಿದ್ದು ನನಗೆ ಕಾಣಿಸಿತು. ಬಂದವಳು ಅಜ್ಜಿಯ ಮಂಡಿಯ ಮುಂದೆ ನಿಂತಳು. ಫ್ರಾಕು ಎತ್ತಿ ಮುಖ ಒರೆಸಿಕೊಂಡಳು. ಕೈ ಇಳಿಬಿಟ್ಟು, ಗಲ್ಲ ಎತ್ತಿ, ಬಾಗಿಲಲ್ಲಿ ನಿಂತು ನಕ್ಕಿದ್ದಳಲ್ಲ, ಅದೇ ನಗು ನಕ್ಕು, ಕಲ್ಲಾದಳು. ಫೋಟೋ ಕಾಣದಿದ್ದರೆ ಅಜ್ಜಿ ನನ್ನನ್ನೇ ನೋಡಲಿ ಎಂದುಕೊಂಡಿರಬೇಕು.

ಆಯಿ ಗೋಡೆಯಿಂದ ಮುಖ ತಿರುಗಿಸಿ ನೇರ ಅವಳ ಕಡೆಗೇ ನೋಡಿದಳು. ಆಮೇಲೆ ಅಂಗಳದ ಕಡೆ, ಬಾವಿಯ ಕಡೆ ನೋಡಿದಳು.

"ಹುಡುಗಿ ಎಲ್ ಹೋಯ್ತೇ? ಈಗ ಇಲ್ಲೇ ಇತ್ತು."

ಮಗಳು ಉಸಿರು ಬಿಗಿಹಿಡಿದು ನಿಂತೇ ಇದ್ದಳು. ಕಣ್ಣು ಮಾತ್ರ ನನ್ನ ಕಡೆ ತಿರುಗಿತ್ತು. ಓವರ್ ಎನ್ನಬೇಕಾದವಳು ನಾನು.