ಗೋಡೆಯಾಚೆಯ ನಾಯೇಲಿ

ಕಳೆದ ವಾರ ಐರ್ಲೆಂಡಿನ ಲಿಮೆರಿಕ್‌ನಲ್ಲಿ ನನ್ನ ಬಾಡಿಗೆ ಮನೆಯ ಹಿಂದೆ ಯಾರೋ ಸಿಮೆಂಟಿನ ಹೂಕುಂಡವೊಂದನ್ನು ಎತ್ತಲಾರದೆ, ನೆಲದ ಮೇಲೆ ತಿರುಗಿಸಿ ತಿರುಗಿಸಿ ಮೂಲೆಗೆ ಜರುಗಿಸುತ್ತಿದ್ದರು. ಗರ್ರ್ ಎಂದು ಸದ್ದು, ಒಂದು ಗಳಿಗೆ ಮೌನ, ಮತ್ತೆ ಗರ್ರ್. ಪರೀಕ್ಷೆಗೆ ಓದುತ್ತಾ ಕೂತಿದ್ದವಳು ಪುಸ್ತಕ ಮುಚ್ಚಿಟ್ಟೆ. ಕಲ್ಲಿನ ಮೇಲೆ ಕಲ್ಲು ತಿರುಗುವ ಸದ್ದು ಕಿವಿಗೆ ಬಿದ್ದರೆ ಸಾಕು, ಆಗಷ್ಟೇ ಕತ್ತರಿಸಿದ ಹುಲ್ಲಿನ ವಾಸನೆ, ಅದರ ಜೊತೆಗೇ ಒಡೆದ ಮೆಕ್ಕೆಜೋಳದ ಬೆಚ್ಚನೆಯ ವಾಸನೆ ನನ್ನ ಮೂಗಿಗೆ ಬಂದುಬಿಡುತ್ತದೆ. ಅದರ ಹಿಂದೆಯೇ ನಾನು ಬೆಳೆದ, ಲೂಕನ್ನಿನ ನಮ್ಮ ಮನೆ ಬರುತ್ತದೆ. ಆ ಮನೆ ಈಗ ನಮ್ಮದಲ್ಲ, ಅದರಲ್ಲಿದ್ದವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ನಿಮಗೂ ಅಂಥದೊಂದು ಮನೆ ಇದ್ದೇ ಇರುತ್ತದೆ. ಬೀಗದಕೈ ಯಾರ ಜೇಬಿನಲ್ಲೋ ಇದ್ದರೂ, ಅದರ ಯಾವ ಮೆಟ್ಟಿಲು ಕಿರ್ರೆನ್ನುತ್ತದೆ ಎನ್ನುವುದು ನಿಮ್ಮ ಕಾಲಿಗೆ ಇನ್ನೂ ಗೊತ್ತಿರುತ್ತದೆ.

ಲೂಕನ್ನಿನ ಮನೆಗಳು ಜೋಡಿಮನೆಗಳು. ಒಂದೇ ಮನೆಯನ್ನು ನಡುವೆ ಕೊಯ್ದು ಎರಡು ಸಂಸಾರಕ್ಕೆ ಹಂಚಿದ ಹಾಗೆ, ಮಧ್ಯದ ಗೋಡೆ ಇಬ್ಬರಿಗೂ ಸೇರಿದ್ದು. ಕೊರೊನಾ ಬಂದು ಎಲ್ಲರನ್ನೂ ಒಳಗೆ ಕೂಡಿಹಾಕಿದಾಗ ಆ ಗೋಡೆಯೇ ನನ್ನ ಊರು, ಕೇರಿ ಎಲ್ಲವೂ ಆಯಿತು. ಅಪ್ಪನ ಆಫೀಸು ಊಟದ ಮೇಜಿನ ಮೇಲೆ, ಅಮ್ಮನದು ಮಹಡಿಯ ಮಂಚದ ಮೇಲೆ, ನನ್ನ ಸ್ಕೂಲು ಇವರಿಬ್ಬರ ನಡುವೆ ಮೆಟ್ಟಿಲ ಮೇಲೆ. ಇವೆಲ್ಲದರ ಮಧ್ಯೆ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದು, ವಿಮಾನ ನಿಂತದ್ದರಿಂದ ಉಳಿದೇಬಿಟ್ಟ ಅಜ್ಜಿ, ಅಮ್ಮನ ಅಮ್ಮ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ನನ್ನನ್ನು ಅವರು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದರು. ಈಗ ನಾನು ಇದನ್ನು ಬರೆಯುತ್ತಿದ್ದರೆ ಅದು ಅವರ ಕೆಲಸ.

ಅಜ್ಜಿಯೇ ಮೊದಲು ಗೋಡೆಗೆ ಕಿವಿ ಕೊಟ್ಟಿದ್ದು. ಆಚೆ ಮನೆಯಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇಬ್ಬರಾದರು, ಆಮೇಲೆ ನಾಲ್ಕು ಜನ, ಕೊನೆಗೆ ಒಂದು ದೊಡ್ಡ ಮೇಳ. ಸರ್ಕಾರ ಇಷ್ಟು ಹೇಳುತ್ತಿದ್ದರೂ ಇವರು ಗುಂಪು ಸೇರಿದ್ದಾರಲ್ಲ ಎಂದು ಅಜ್ಜಿಗೆ ಗಾಬರಿ, ಪೊಲೀಸು ಬಂದರೆ ನಮ್ಮ ಬಾಗಿಲನ್ನೂ ತಟ್ಟುತ್ತಾರೆ ಎಂದು ಅಮ್ಮನಿಗೆ ಗಾಬರಿ. ಒಂದು ದಿನ ಬೆಲ್ ಆಯಿತು. ನೋಡಿದರೆ ಪುಟ್ಟ ಆಕಾರದ, ಉದ್ದ ಜಡೆಯ ಒಬ್ಬಳೇ ಹೆಂಗಸು ಮಾಸ್ಕ್ ಹಾಕಿಕೊಂಡು ಗೇಟಿನವರೆಗೂ ಹಿಂದೆ ಸರಿದು ನಿಂತಿದ್ದಳು. ನಮ್ಮ ಕುಕ್ಕರಿನ ಸೀಟಿ ಅವಳ ರೆಕಾರ್ಡಿಂಗಿನೊಳಗೆ ಹೋಗಿತ್ತಂತೆ. ಅಮ್ಮ ಸಾರಿ ಹೇಳಲು ಶುರುಮಾಡಿದರೆ ಅವಳು ಬೇಡ ಬೇಡ ಎಂದು ಕೈಯಾಡಿಸಿದಳು. ಸೀಟಿ ಸರಿಯಾದ ಶ್ರುತಿಯಲ್ಲೇ ಇತ್ತು, ನಾಳೆ ಎಷ್ಟು ಗಂಟೆಗೆ ಬೇಳೆ ಇಡುತ್ತೀರಿ ಎಂದು ಕೇಳಲು ಬಂದಿದ್ದಳು. ನಾನು ಅಲ್ಲೇ ಅವಳಿಗೆ ಸೋತುಹೋದೆ.

ನಾಯೇಲಿ ಎಂದು ಅವಳ ಹೆಸರು. ಬಂಗಾರದಂಥ ಹೆಣ್ಣುಮಗಳನ್ನು ನಾಯಿ ಗೀಯಿ ಅನ್ನುವುದಕ್ಕೆ ಆಗುತ್ತದೆಯೇ ಎಂದು ಅಜ್ಜಿ ನೀಲಿ ಎಂದು ಕರೆದರು, ಅವಳೂ ಓಗೊಟ್ಟಳು. ಮೆಕ್ಸಿಕೋದ ತೆಂಕಣ ಬೆಟ್ಟಗಳಲ್ಲಿ ಸಾಪೊಟೆಕ್ ಎಂಬ ಜನರಿದ್ದಾರೆ, ಸ್ಪೇನಿನವರು ಬರುವುದಕ್ಕೆ ಎಷ್ಟೋ ಮೊದಲಿನಿಂದ ಆ ನೆಲದವರು. ನಾಯೇಲಿ ಅವರ ಪೈಕಿ, ಅವಳ ಅಜ್ಜಿಗೆ ಆ ಜನರ ಭಾಷೆಯೊಂದೇ ಬರುತ್ತಿತ್ತು. ಆ ಅಜ್ಜಿಯ ಹಾಡುಗಳನ್ನು ಹಿಡಿದುಕೊಂಡು ಇವಳು ಲೋಕ ಸುತ್ತಿದ್ದಳು. ಹೋದಲ್ಲಿ ಕೇಳಿದ್ದನ್ನೆಲ್ಲ, ಆಫ್ರಿಕಾದ ಗಿಟಾರು, ಐರ್ಲೆಂಡಿನ ಪಿಟೀಲು, ಕಂಪ್ಯೂಟರಿನ ಡೋಲು, ಯಾವುದನ್ನೂ ಬಿಡದೆ ಅದಕ್ಕೆ ಬೆರೆಸಿದ್ದಳು. ಕಛೇರಿಗೆಂದು ಇಲ್ಲಿಗೆ ಬಂದಾಗ ಎಲ್ಲ ರದ್ದಾಗಿ, ಜೊತೆಯವರು ಸಿಕ್ಕ ವಿಮಾನ ಹತ್ತಿ ಹೋಗಿ, ಇವಳು ಪಕ್ಕದ ಮನೆಯಲ್ಲೊಂದು ಕೋಣೆ ಹಿಡಿದು ಉಳಿದಿದ್ದಳು. ಬಟ್ಟೆಯ ಬೀರುವಿನೊಳಗೆ ಕೂತು ರೆಕಾರ್ಡ್ ಮಾಡುತ್ತಿದ್ದಳು. ಅಜ್ಜಿ ಎಣಿಸಿದ ಮೇಳವೆಲ್ಲ ಅವಳೊಬ್ಬಳೇ ಎಂದು ಹಿತ್ತಿಲ ಬೇಲಿಯ ಆಚೆಯಿಂದ ತೋರಿಸಿಕೊಟ್ಟಳು. ಕಾಲ ಕೆಳಗೆ ಒಂದು ಚಪ್ಪಟೆ ಪೆಟ್ಟಿಗೆ, ಲೂಪರ್ ಅಂತ. ಒಂದು ಸಾಲು ಹಾಡಿ ಅದನ್ನು ತುಳಿದರೆ ಆ ಸಾಲು ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ, ಅದರ ಮೇಲೆ ಇನ್ನೊಂದು ಹಾಡಬಹುದು. ಕೊರಳಿಗೆ ಆಮೆಯ ಚಿಪ್ಪು ನೇತುಹಾಕಿ ಜಿಂಕೆಯ ಕೊಂಬಿನಿಂದ ಬಾರಿಸುತ್ತಾ ಅವಳು ಸುತ್ತು ಹೆಚ್ಚಿಸಿದಂತೆಲ್ಲ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸ್ಕೂಲು ಮುಚ್ಚಿದ್ದಕ್ಕೆ ದೇವರಿಗೆ ಕೈಮುಗಿದ ಮಗು ಆ ಕೇರಿಯಲ್ಲಿ ನಾನೊಬ್ಬಳೇ ಇರಬೇಕು.

ಒಂದು ದಿನ ಅವಳು ತನ್ನ ಅಜ್ಜಿ ಇಳಿಜಾರು ಕಲ್ಲಿನ ಮುಂದೆ ಮಂಡಿಯೂರಿ ಜೋಳ ಅರೆಯುತ್ತಾ ಹಾಡುತ್ತಿದ್ದ ಹಾಡು ಹೇಳಿದಳು. ನಾನು ಅರ್ಥ ಹೇಳಿದ್ದೇ ತಡ, ನಮ್ಮಜ್ಜಿಯ ಮುಖ ಅರಳಿತು. ಅವರೂ ಅವರ ತಂಗಿಯೂ ಹುಡುಗಿಯರಾಗಿದ್ದಾಗ ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಬೆಳಗಿನ ಜಾವ ಎದುರುಬದುರು ಕೂತು, ಒಂದೇ ಗೂಟ ಹಿಡಿದು ರಾಗಿ ಬೀಸುತ್ತಿದ್ದರಂತೆ. ಅದಕ್ಕೊಂದು ಹಾಡಿತ್ತು. ಹೊಳೆಯ ಆಚೆ ದಡಕ್ಕೆ ಮದುವೆಯಾಗಿ ಹೋದ ತಂಗಿಯನ್ನು ಅಕ್ಕ ಈಚೆ ದಡದಿಂದ ಮಾತಾಡಿಸುವ ಹಾಡು. ಅಕ್ಕ ಕೇಳಬೇಕು, ತಂಗಿ ಉತ್ತರ ಕೊಡಬೇಕು. ನಾಯೇಲಿ ಬೇಲಿಗೆ ಆತುಕೊಂಡು, ತಾನು ಇಂಟರ್ನೆಟ್ಟಿನಲ್ಲಿ ಕೊಡಲಿರುವ ಕಛೇರಿಗೆ ಆ ಹಾಡು ಬೇಕೇ ಬೇಕು ಎಂದಳು. ಅಜ್ಜಿ ಬಾಯಿ ತೆರೆದರು, ಹಾಡು ಬರಲಿಲ್ಲ. ಕೈ ತಿರುಗದೆ ಮಾತು ಹೊರಡುವುದಿಲ್ಲವೆಂದರು. ಮಂಡ್ಯದಲ್ಲಿದ್ದ ಚಿಕ್ಕಜ್ಜಿಗೆ ವಿಡಿಯೋ ಕಾಲ್ ಮಾಡಿದೆವು. ಕಲ್ಲಿಲ್ಲದೆ ಅವರಿಗೂ ಬರಲಿಲ್ಲ. ಇಬ್ಬರೂ ಫೋನಿನ ಆಚೀಚೆ ಬಿದ್ದು ಬಿದ್ದು ನಕ್ಕರು. ಅಕ್ಕ ಊರಿಗೆ ಬಂದ ಮೇಲೆ ಕಲ್ಲು ತೊಳೆದು ಕೂತು ಆ ಹುಡುಗಿಗೆ ಕಳಿಸೋಣ ಎಂದು ಮಾತಾಯಿತು.

ಆ ಬೇಸಿಗೆಯ ಸುದ್ದಿ ನಿಮಗೆ ನಾನು ಹೇಳಬೇಕಾಗಿಲ್ಲ. ಚಿಕ್ಕಜ್ಜಿ ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಅಜ್ಜಿಗೆ ಹೋಗುವುದಕ್ಕೆ ಆಗಲಿಲ್ಲ, ಮುಖ ನೋಡುವುದಕ್ಕೂ ಆಗಲಿಲ್ಲ. ಅವರು ಅಳಲಿಲ್ಲ, ಮಾತು ನಿಲ್ಲಿಸಿದರು. ಅನ್ನ ಮಾಡಿದರು, ಬಟ್ಟೆ ಮಡಿಸಿದರು, ನನ್ನ ಅಕ್ಷರ ಮಾತ್ರ ಕೇಳಲಿಲ್ಲ. ಹಾಡಿನ ಉತ್ತರದ ಅರ್ಧ ಚಿಕ್ಕಜ್ಜಿಯ ಜೊತೆ ಹೋಗಿಯಾಗಿತ್ತು, ಉಳಿದರ್ಧ ಅಜ್ಜಿಯ ಎದೆಯಲ್ಲಿ ಕಲ್ಲಾಗಿ ಕೂತಿತ್ತು. ಆ ಅರ್ಧವೂ ಹೋಗಿಬಿಟ್ಟರೆ ಎಂದು ನನಗೆ ಹೆದರಿಕೆ. ಹಾಡಿಗಿಂತ ಹೆಚ್ಚಾಗಿ ನನಗೆ ಅಜ್ಜಿಯ ಮಾತು ವಾಪಸು ಬೇಕಿತ್ತು.

ಎದುರು ಸಾಲಿನಲ್ಲಿ ಬ್ರೀಡಾ ಎಂಬ ಮುದುಕಿ ಒಬ್ಬರೇ ಇದ್ದರು. ವಯಸ್ಸಾದವರು ಹೊರಗೆ ಬರಬಾರದೆಂದು ಹೇಳಿದ ದಿನದಿಂದ ಅಮ್ಮ ಅವರ ಬಾಗಿಲಲ್ಲಿ ಹಾಲು, ಬ್ರೆಡ್ಡು ಇಡಿಸುತ್ತಿದ್ದಳು. ಒಂದು ಸಂಜೆ ನಾನು ಹಾಲಿಡಲು ಹೋಗುವಾಗ ಅಜ್ಜಿಯನ್ನೂ ಎಳೆದುಕೊಂಡು ಹೋದೆ. ಹಾಲಿಟ್ಟು ತಿರುಗಿದರೆ ಅಜ್ಜಿ ಅಂಗಳದ ಮೂಲೆಯಲ್ಲಿದ್ದರು. ಕೇಳದೆ, ಹೇಳದೆ ಬ್ರೀಡಾ ಅವರ ಹೂಕುಂಡವನ್ನು ಎತ್ತಿ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಿದ್ದರು. ಕುಂಡದ ಕೆಳಗೆ ಪಾಚಿ ಹಿಡಿದ ದುಂಡು ಕಲ್ಲು, ಅದರ ಜೊತೆಯದು ಗೋಡೆಗೆ ಒರಗಿತ್ತು, ನಟ್ಟನಡುವೆ ತೂತು. ಬ್ರೀಡಾ ಕಿಟಕಿ ತೆರೆದರು. ಇನ್ನು ಜಗಳವೇ ಎಂದುಕೊಂಡೆ.

ಅಜ್ಜಿ ಕಲ್ಲಿನ ಮೇಲೆ ಅಂಗೈ ಇಟ್ಟು, ಎಷ್ಟೋ ದಿನಗಳ ಮೇಲೆ, ಹೇಳಿದರು: "ಬೀಸೋಕಲ್ಲು ಕಣೆ ಇದು. ಇವ್ರ ಮನೇಗೆ ಹೆಂಗ್ ಬಂತು?"

ಅದು ಪಡುವಣ ಐರ್ಲೆಂಡಿನ ಮೇಯೋದಲ್ಲಿ ಬ್ರೀಡಾ ಅವರ ಅಜ್ಜಿ ಓಟ್ಸ್ ಬೀಸುತ್ತಿದ್ದ ಕಲ್ಲು. ಐರಿಷ್‌ನಲ್ಲಿ ಅದಕ್ಕೆ ಬ್ರೋ ಅನ್ನುತ್ತಾರಂತೆ. ಬೇಕಾದರೆ ತೆಗೆದುಕೊಂಡು ಹೋಗಿ, ಗ್ರ್ಯಾಂಡ್, ಅಂದರೆ ಇಲ್ಲಿಯವರ ಬಾಯಲ್ಲಿ ಪರವಾಗಿಲ್ಲ, ಎಂದರು ಕಿಟಕಿಯಿಂದಲೇ. ಕಿಟಕಿಗೂ ಅಂಗಳಕ್ಕೂ ನಡುವೆ ಕೂಗಿ ಕೂಗಿ ಅನುವಾದ ಮಾಡಿದ ನನ್ನ ಗಂಟಲು ಕಟ್ಟಿತ್ತು. ಆದರೂ ಓಡಿಹೋಗಿ ಬೇಲಿಯ ಮೇಲಿಂದ ನಾಯೇಲಿಯನ್ನು ಕೂಗಿದೆ.

ಆ ವಾರದ ಗದ್ದಲ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಪ್ಪ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಬಂದು, ಬ್ರೀಡಾ ಅವರ ತಳ್ಳುಗಾಡಿಯಲ್ಲಿ ಕಲ್ಲುಗಳನ್ನು ತಂದರು. ಗೂಟ ಇರಲಿಲ್ಲ, ನನ್ನ ಮುರಿದ ಹರ್ಲಿ ಬ್ಯಾಟಿನ ಹಿಡಿಯನ್ನು ಕೊಯ್ದು ಬಡಿದರು. ಕಲ್ಲು ತೊಳೆದು ಅರಿಸಿನ ಕುಂಕುಮ ಹಚ್ಚಿದ್ದಾಯಿತು. ಕೂತು ತಿರುಗಿಸಿ ಎಂದು ನಾನು ಪೀಡಿಸಿದರೆ ಅಜ್ಜಿ ಒಪ್ಪಲಿಲ್ಲ. "ಬರೀ ಕಲ್ಲು ತಿರುಗಿಸ್ಬಾರ್ದು. ಕಾಳು ಬೇಕು," ಎಂದರು. ಇಂಡಿಯನ್ ಅಂಗಡಿಯಲ್ಲಿ ರಾಗಿಹಿಟ್ಟಿತ್ತು, ರಾಗಿ ಇರಲಿಲ್ಲ. ಅಪ್ಪ ಅಕ್ಕಿ ತಂದರೆ, ಅದು ಆ ಹಾಡಿನ ಕಾಳಲ್ಲ ಎಂದುಬಿಟ್ಟರು. ಕಛೇರಿಯ ದಿನ ಬಂದೇಬಿಟ್ಟಿತು, ಅಜ್ಜಿ ಒಂದು ಸುತ್ತೂ ಕಲ್ಲು ತಿರುಗಿಸಿರಲಿಲ್ಲ. ಆಗ ನಾಯೇಲಿ ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದಳು. ಅದರಲ್ಲಿ ನೀಲಿ ಬಣ್ಣದ ಮೆಕ್ಕೆಜೋಳ. ಅವಳ ಅಜ್ಜಿ ಕೊನೆಯ ಸಲ ಬಿತ್ತಿ ಬೆಳೆದದ್ದು, ಊರೂರು ಹೊತ್ತು ತಿರುಗಿದರೂ ಬೇಯಿಸದೆ ಇಟ್ಟುಕೊಂಡಿದ್ದಳು. ಅಜ್ಜಿ ಒಂದು ಹಿಡಿ ತೆಗೆದು ಮೂಸಿದರು, ಬೆರಳ ಸಂದಿಯಿಂದ ಸುರಿದರು. ಯಾರು ಬೆಳೆದದ್ದು ಎಂದು ಕೇಳಿದರು, ನಾನು ಹೇಳಿದೆ. ಆಗಲಿ ಎಂದು ತಲೆಯಾಡಿಸಿದರು.

ಐರ್ಲೆಂಡಿನ ಬೇಸಿಗೆಯ ಸಂಜೆ, ಊಟದ ಹೊತ್ತಾದರೂ ಬಿಸಿಲು. ಆಗಷ್ಟೇ ಹುಲ್ಲು ಕತ್ತರಿಸಿದ್ದ ನಮ್ಮ ಹಿತ್ತಿಲಿನಲ್ಲಿ, ಕಛೇರಿ ತೋರಿಸಲು ಏಣಿಯ ಮೇಲೆ ಫೋನು ಕಟ್ಟಿದ್ದೆವು. ನಾಯೇಲಿಯ ಊರಿನಲ್ಲಿ ಒಂದೇ ಫೋನಿನ ಮುಂದೆ ಕೇರಿಯೆಲ್ಲ ಕೂತಿದೆಯೆಂದು ಸುದ್ದಿ ಬಂದಿತ್ತು. ಬ್ರೀಡಾ ಕೋಟು ಹಾಕಿಕೊಂಡು ದೂರದಲ್ಲಿ ಕುರ್ಚಿ ಹಾಕಿ ಕೂತಿದ್ದರು, ಅಕ್ಕಪಕ್ಕದ ಬೇಲಿಗಳ ಮೇಲೆಲ್ಲ ತಲೆಗಳು. ನಾಯೇಲಿ ಆಮೆಚಿಪ್ಪು ಬಾರಿಸಿ ಒಂದಾದ ಮೇಲೊಂದು ಹಾಡು ಕಟ್ಟುತ್ತಾ ಹೋದಳು. ಒಂದು ಹಾಡಿನ ನಡುವೆ ನಮ್ಮ ಕುಕ್ಕರಿನ ಸೀಟಿಯೂ ಬಂದು ಹೋಯಿತು, ಅಮ್ಮ ನಾಚಿ ಒಳಗೋಡಿದಳು. ಆಮೇಲೆ ನಾಯೇಲಿ ಚಿಪ್ಪು ಬಿಚ್ಚಿಟ್ಟು ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಅವರ ಕೈಯ ಕೆಳಗೆ ಗೂಟ ಹಿಡಿದಳು. ಮೈಕನ್ನು ಅಜ್ಜಿ ಹತ್ತಿರ ಬಿಟ್ಟುಕೊಳ್ಳಲಿಲ್ಲ, ಅದನ್ನು ಕಲ್ಲಿನ ಪಕ್ಕದಲ್ಲಿಟ್ಟೆವು. ಅಜ್ಜಿ ಒಂದು ಹಿಡಿ ಕಾಳು ಹಾಕಿದರು. ಕಲ್ಲು ತಿರುಗಿತು. ತಿರುಗಿತು, ತಿರುಗಿತು, ಅಜ್ಜಿ ಬಾಯಿ ಬಿಡಲಿಲ್ಲ. ಸುತ್ತಲೂ ನೀಲಿ ಹಿಟ್ಟು ಉದುರತೊಡಗಿತು. ಬರುವುದಿಲ್ಲ, ಇನ್ನು ಬರುವುದಿಲ್ಲ ಎಂದು ನಾನು ಅಂಗಿಯ ಅಂಚು ಕಚ್ಚಿಕೊಂಡಿದ್ದೆ.

ಆಗ ಬಂತು. ಒಡಕು ಧ್ವನಿ, ಆದರೆ ಒಂದಿಷ್ಟೂ ಅಳುಕಿಲ್ಲ. "ಹೊಳೆಯಾಚೆ ಇರುವೋಳೆ, ಉಂಡೇನೆ ತಂಗ್ಯವ್ವ."

ಅಷ್ಟೇ. ಮುಂದಿನದು ತಂಗಿಯ ಸಾಲು. ಕಲ್ಲು ತಿರುಗುತ್ತಲೇ ಇತ್ತು, ಅಜ್ಜಿ ತಲೆ ತಗ್ಗಿಸಿದ್ದರು. ನಾಯೇಲಿ ಅವರನ್ನೇ ನೋಡುತ್ತಿದ್ದವಳು ಅದೇ ಧಾಟಿಯಲ್ಲಿ, ತನ್ನ ಅಜ್ಜಿಯ ಭಾಷೆಯಲ್ಲಿ ಉತ್ತರ ಹಾಡಿದಳು. ಅಜ್ಜಿ ತಲೆಯೆತ್ತಿದರು. ಎರಡನೆಯ ಪ್ರಶ್ನೆ ಕೇಳಿದರು, ಉತ್ತರ ಬಂತು. ಕಾಳು ಮುಗಿಯುವವರೆಗೂ ಅಕ್ಕ ಕೇಳಿದಳು, ತಂಗಿ ಹೇಳಿದಳು. ಯಾವಾಗಲೋ ನಾಯೇಲಿ ಕಾಲ ಹೆಬ್ಬೆರಳಿನಿಂದ ಲೂಪರ್ ಪೆಟ್ಟಿಗೆ ಒತ್ತಿದ್ದಳು. ಇಬ್ಬರೂ ಕೈ ಬಿಟ್ಟ ಮೇಲೂ ಬೀಸುವ ಸದ್ದು ಗರ್ರ್ ಗರ್ರ್ ಎಂದು ಸುತ್ತುತ್ತಲೇ ಇತ್ತು. ಅಜ್ಜಿ ಬೆಚ್ಚಿ ಕಲ್ಲನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು, ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕರು. ನಗುನಗುತ್ತಲೇ ಅತ್ತರು. ಫೋನಿನ ಆ ಕಡೆಯಿಂದ ಅವಳೂರಿನವರು ಏನೋ ಕೂಗುತ್ತಿದ್ದರು.

ಮಾರನೆಯ ದಿನ ಅಕ್ಷರ ತಿದ್ದಿಸುತ್ತಾ ಕೂತ ಅಜ್ಜಿಯನ್ನು ಕೇಳಿದೆ, ನಾಯೇಲಿ ಏನು ಹಾಡಿದಳೆಂದು ಗೊತ್ತಾಯಿತೇ ಎಂದು.

"ಉಂಡೆ ಕಣಕ್ಕ ಅಂದ್ಲು," ಎಂದರು. "ಇನ್ನೇನಂತಾಳೆ."

ವಿಮಾನ ಶುರುವಾದ ಮೇಲೆ ಅಜ್ಜಿ ಮೈಸೂರಿಗೆ ಹೋದರು, ಮರುವರ್ಷ ನಿದ್ದೆಯಲ್ಲೇ ಹೋದರು. ನಾಯೇಲಿ ತನ್ನೂರಿಗೆ ಮರಳಿದಳು, ಈಗ ಯಾವ ದೇಶದಲ್ಲಿ ಹಾಡುತ್ತಿದ್ದಾಳೋ. ಬ್ರೀಡಾ ತೀರಿಕೊಂಡಾಗ ಅವರ ಮಗ ಕಲ್ಲನ್ನು ಮೇಯೋಗೆ ಒಯ್ದ. ನಮ್ಮ ಮನೆಯನ್ನು ಓನರ್ ಮಾರಿದ. ಆ ಸಂಜೆಯ ರೆಕಾರ್ಡಿಂಗ್ ಇದೆ. ಮೈಕು ಕಲ್ಲಿನ ಹತ್ತಿರವಿದ್ದುದರಿಂದ ಕಲ್ಲು ಚೆನ್ನಾಗಿ ಕೇಳುತ್ತದೆ, ಅಜ್ಜಿ ನಿಜವಾಗಿಯೂ ಹೊಳೆಯಾಚೆ ಇರುವ ಹಾಗೆ ದೂರದಿಂದ ಕೇಳಿಸುತ್ತಾರೆ. ಎಷ್ಟು ಸಲ ಕೇಳಿದರೂ ನನ್ನ ಬಾಯಿಗೆ ಮಾತ್ರ ಹಾಡು ಹತ್ತಿರಲಿಲ್ಲ.

ಕಳೆದ ವಾರ ಆ ಸದ್ದು ಕೇಳಿ ಹೊರಗೆ ಹೋದೆ. ಕುಂಡ ಜರುಗಿಸುತ್ತಿದ್ದಾತ ಸುಸ್ತಾಗಿ ಒಳಗೆ ಹೋಗಿದ್ದ. ಅಂಚು ಹಿಡಿದು ನಾನೇ ತಿರುಗಿಸಿದೆ. ಮಣ್ಣು ತುಂಬಿತ್ತು, ಬರೀ ಕುಂಡವೇನಲ್ಲ. ಒಂದು ಸುತ್ತು ಬಂದಿತೋ ಇಲ್ಲವೋ, ಹಾಡು ತಾನಾಗಿ ಬಾಯಿಗೆ ಬಂತು. ಅಜ್ಜಿಯದೇ ಧಾಟಿ, ಅಜ್ಜಿಯದೇ ಒಡಕು. ಉಂಡೆಯಾ ಎಂದು ಕೇಳಿದೆ. ತಂಗಿಯ ಸಾಲು ಬರಬೇಕಾದಲ್ಲಿ ಸುಮ್ಮನಾದೆ. ಕೈ ಮಾತ್ರ ನಿಲ್ಲಿಸಲಿಲ್ಲ.