ಕಮಲತ್ತೆಯ ಮುಳ್ಳುಹಣ್ಣಿನ ಗಿಡ

ಹಸಿ ಮುಳ್ಳುಕಡ್ಡಿ ಕಡಿದಾಗ ಏಳುವ ಒಗರು ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ದೊಡ್ಡಪ್ಪನ ಮೇಲೆ ಸಿಟ್ಟು ಉಕ್ಕುತ್ತದೆ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ನಾವೆಲ್ಲ ಒಟ್ಟಿಗಿದ್ದ ಬೇಲೂರಿನ ಆ ಮನೆಯೂ ಈಗಿಲ್ಲ. ಸತ್ತವರ ಮೇಲೆ ಹಗೆ ಸಾಧಿಸಬಾರದು ಅನ್ನುತ್ತಾರೆ, ಅನ್ನಲಿ.

ಕಮಲತ್ತೆ ನನ್ನ ಸೋದರತ್ತೆ. ಗಂಡ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಮಕ್ಕಳಾಗಲಿಲ್ಲವೆಂದು ಅವರು ಇನ್ನೊಂದು ಮದುವೆಯಾದ ಮೇಲೆ ಅತ್ತೆ ಒಂದು ಟ್ರಂಕು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಬೇರು ಹಿಡಿದು ತವರಿಗೆ ಬಂದಳು. ಅದನ್ನು ತೋಟದ ದೊರೆಗಳು ರಾಸ್ಪ್‌ಬೆರಿ ಅನ್ನುತ್ತಿದ್ದರಂತೆ. ನಮಗೆ ಅದು ಮುಳ್ಳುಹಣ್ಣು. ಬಾವಿಯ ಪಕ್ಕ ನೆಟ್ಟು, ಸಗಣಿ ಗೊಬ್ಬರ ಹಾಕಿ, ಬುಡಕ್ಕೆ ತರಗೆಲೆ ಹೊದಿಸಿ, ಕಡ್ಡಿಗಳನ್ನು ಬಿದಿರಿಗೆ ಬಾಳೆನಾರಿನಿಂದ ಕಟ್ಟುತ್ತಿದ್ದಳು. ಬೇಸಿಗೆಯಲ್ಲಿ ಕೆಂಪಗಾಗಿ, ಆಮೇಲೆ ಕಪ್ಪಾಗುವ ಹಣ್ಣು, ಬಾಯಿಗಿಟ್ಟರೆ ಕರಗುತ್ತಿತ್ತು. ಹಣ್ಣು ಮುಗಿದ ಕೂಡಲೇ, ಆ ವರ್ಷ ಫಲ ಬಿಟ್ಟ ಕಡ್ಡಿಗಳನ್ನೆಲ್ಲ ನೆಲಮಟ್ಟಕ್ಕೆ ಕಡಿದು, ಹೊಸ ಚಿಗುರು ಮಾತ್ರ ಉಳಿಸುತ್ತಿದ್ದಳು. "ಹಳೇದು ಕೊಡೋದನ್ನ ಕೊಟ್ಟಾಯ್ತು ಕಣೇ. ಮುಂದಿನ ವರ್ಷ ಬಿಡೋದು ಈ ಎಳೇದು," ಎಂದು ನನಗೂ ಕಲಿಸಿದ್ದಳು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಗಿಡವೊಂದೇ.

ನನಗೆ ಹತ್ತು ವರ್ಷವಿದ್ದಾಗ, ಹಣ್ಣಿನ ಕಾಲ ಮುಗಿಯುವ ಹೊತ್ತಿಗೆ, ಅತ್ತೆ ಯಾರದೋ ಬಾಣಂತನಕ್ಕೆಂದು ಹತ್ತಿರದ ಹಗರೆ ಊರಿಗೆ ಹೋದಳು. ಊರವರ ಬಾಣಂತನಕ್ಕೆಲ್ಲ ಅವಳು ಬೇಕಾಗಿತ್ತು. ಆಗಲೇ ದೊಡ್ಡಪ್ಪನಿಗೆ ಹಿತ್ತಿಲು ಚೊಕ್ಕಟ ಮಾಡುವ ಹುಕಿ ಬಂತು. ದೇವಸ್ಥಾನದ ಸೇವೆ ಮುಗಿಸಿ ಬಂದವರೇ ಕುಡುಗೋಲು ಹಿಡಿದು, ಎಳೆಯ ಕಡ್ಡಿಗಳನ್ನು ಒಂದೊಂದಾಗಿ ಕಡಿಯತೊಡಗಿದರು.

"ದೊಡ್ಡಪ್ಪ, ಅತ್ತೆ ಹಳೇದನ್ನ ಕಡಿಯೋದು," ಅಂದೆ.

"ಫಲ ಕೊಟ್ಟಿದ್ದನ್ನ ಕಡಿದ್ರೆ ಪಾಪ ಬರತ್ತೆ. ಈ ಬಂಜೆ ಕಡ್ಡಿ ಇಟ್ಕೊಂಡು ಏನು ಮಾಡೋದು? ಒಳಗೆ ಹೋಗು ನೀನು."

ಹೋದೆ. ಪಾಪಪುಣ್ಯದ ಲೆಕ್ಕ ಗೊತ್ತಿದ್ದವರಿಗೆ ಗಿಡದ ಗುಣ ಗೊತ್ತಿರಲಿಲ್ಲ, ಕೇಳುವ ವ್ಯವಧಾನವೂ ಇರಲಿಲ್ಲ.

ಅತ್ತೆ ಮರಳಿದ ದಿನ ಅವರೇ ಹೆಮ್ಮೆಯಿಂದ ಕರೆದುಕೊಂಡು ಹೋಗಿ ತೋರಿಸಿದರು. "ಬಂಜೆ ಕಡ್ಡಿನೆಲ್ಲ ತೆಗೆದುಬಿಟ್ಟೆ ನೋಡು." ಅತ್ತೆ ಬುಡದಲ್ಲಿ ಉಳಿದಿದ್ದ ಮೋಟುಗಳನ್ನು ನೋಡಿ, "ಹೌದಾ ಅಣ್ಣ," ಅಂದು ಕಾಲು ತೊಳೆಯಲು ಹೋದಳು. ನನಗೆ ತಡೆಯಲಾಗಲಿಲ್ಲ. ತಪ್ಪೆಂದು ಯಾಕೆ ಹೇಳಲಿಲ್ಲ ಎಂದು ಬಚ್ಚಲ ಬಾಗಿಲಲ್ಲೇ ಕೇಳಿದೆ.

"ಏನಂತ ಹೇಳ್ಲಿ? ಅದು ಬಂಜೆ ಅಲ್ಲ, ಇನ್ನೊಂದು ವರ್ಷ ಬಿಟ್ಟಿದ್ರೆ ಫಲ ಕೊಡ್ತಿತ್ತು ಅಂತಲೇ? ನನ್ನ ಬಾಯಿಂದ ಆ ಮಾತು ಬಂದ್ರೆ ಯಾರ ವಿಷಯ ಅಂದ್ಕೋತಾರೆ ಹೇಳು."

ಮಾರನೆಯ ಬೇಸಿಗೆಯ ಹೊತ್ತಿಗೆ, ದೊಡ್ಡಪ್ಪ ಉಳಿಸಿದ್ದ ಹಳೆಯ ಕಡ್ಡಿಗಳು ಒಣಗಿ ಸೌದೆಯಾದವು. ಒಂದು ದಿನ ಊಟಕ್ಕೆ ಕೂತಾಗ ದೊಡ್ಡಪ್ಪ, "ಈ ಸಲ ಒಂದು ಹಣ್ಣೂ ಇಲ್ವಲ್ಲ ಕಮಲ. ನೀನು ಸರಿಯಾಗಿ ನೋಡ್ಕೊಳ್ಳಲಿಲ್ಲ," ಅಂದರು. ಅತ್ತೆ ಅವರ ಎಲೆಗೆ ಸಾರು ಬಡಿಸುತ್ತ, "ಇಲ್ಲ ಅಣ್ಣ, ನೋಡ್ಕೊಳ್ಳಲಿಲ್ಲ," ಅಂದಳು.

ಆ ಮನೆ ಹೋಯಿತಲ್ಲ ಎಂದು ನನ್ನ ಅಣ್ಣತಮ್ಮಂದಿರು ಇಂದಿಗೂ ಹಲುಬುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ ಇದ್ದಿದ್ದರೆ ನನ್ನ ಸಂಕಟ ನಿಮಗೆ ತಿಳಿದೀತು. ಅತ್ತೆ ಆ ಮಾತು ಹೇಳಿದಾಗ ಅದೇ ಪಂಕ್ತಿಯಲ್ಲಿ ನಾನೂ ಕೂತಿದ್ದೆ. ಅವಳನ್ನು ಬಿಟ್ಟರೆ ನಿಜ ಗೊತ್ತಿದ್ದವಳು ನಾನೊಬ್ಬಳೇ. ಅವಳು ನನ್ನ ಎಲೆಗೂ ಸಾರು ಬಡಿಸಿದಳು. ನಾನು ತಲೆ ತಗ್ಗಿಸಿ ಕಲಸಿಕೊಂಡು ಉಂಡೆ.