ಎರಡು ಸಲ ತಿರುಗಿದ ಗಾಳಿ

ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಗ್ಯಾಸ್ ಆಫ್ ಆಗಿದೆಯೇ ಎಂದು ನೋಡುವ ಕೆಲಸ ನನ್ನದು. ಯಾರೂ ಕೊಟ್ಟದ್ದಲ್ಲ, ನಾನೇ ಹಚ್ಚಿಕೊಂಡದ್ದು. ಹೆಂಡತಿ ಆಫ್ ಮಾಡಿ ಬಂದ ಮೇಲೆ ನಾನು ಹೋಗಿ ತಿರುಗಿಸಿ ನೋಡುತ್ತೇನೆ. ಒಮ್ಮೆ ಹಾಗೆ ತಿರುಗಿಸಿದ್ದು ಆನ್ ಆಗಿಯೇ ಉಳಿದಿತ್ತು. "ನೀವು ನೋಡದಿದ್ರೆ ನಾವು ಹೇಗೋ ಬದುಕ್ತೇವೆ ಮಾರಾಯ್ರೆ" ಎಂದಳು.

ಕಾಲೇಜಿನಲ್ಲಿ ನಾನು ಕಲಿಸುವುದು ದ್ರವಗಳ ಚಲನಶಾಸ್ತ್ರ. ಕಡಲನ್ನು ಕಂಪ್ಯೂಟರಿನಲ್ಲಿ ಚೌಕಚೌಕವಾಗಿ ಕತ್ತರಿಸಿ, ಯಾವ ಚೌಕದ ನೀರು ಎತ್ತ ಹರಿಯಿತು ಎಂದು ಲೆಕ್ಕ ಹಾಕುವ ವಿದ್ಯೆ. ಇದರಲ್ಲಿ ಎಲ್ಲರೂ ಎಡವುವ ಜಾಗ ದಿಕ್ಕು. ಗಾಳಿಯನ್ನು ಅದು ಬಂದ ಕಡೆಯ ಹೆಸರಿನಿಂದ ಕರೆಯುತ್ತಾರೆ, ನೀರಿನ ಹರಿವನ್ನು ಅದು ಹೋಗುವ ಕಡೆಯ ಹೆಸರಿನಿಂದ. ತರಗತಿಯಲ್ಲಿ ಹೇಳುತ್ತೇನೆ: ಗಾಳಿಗೆ ಹುಟ್ಟೂರಿನ ಹೆಸರು, ನೀರಿಗೆ ಬಸ್ಸಿನ ಬೋರ್ಡು. ನಮ್ಮ ಪ್ರೋಗ್ರಾಮಿಗೆ ಮಾತ್ರ ಗಾಳಿಯೂ ಬಸ್ಸಿನ ಹಾಗೆಯೇ ಬೇಕು. ಹವಾಮಾನದವರು ಕೊಟ್ಟ ದಿಕ್ಕನ್ನು ಅರ್ಧ ಸುತ್ತು ತಿರುಗಿಸಿ ಹಾಕಬೇಕು.

ನನ್ನ ಕೈಕೆಳಗೆ ಜೆಪ್ಪುವಿನ ಹುಡುಗಿಯೊಬ್ಬಳು ಪಿಎಚ್‌ಡಿ ಮಾಡುತ್ತಿದ್ದಳು. ಬ್ಯಾರಿ ವ್ಯಾಪಾರಸ್ಥರ ಮನೆಯವಳು. ಲೆಕ್ಕ ಅವಳಿಗೆ ರಕ್ತದಲ್ಲೇ ಇತ್ತು. ಕಡಲಲ್ಲಿ ತೇಲುವುದು ಎತ್ತ ಸಾಗುತ್ತದೆಂದು ಹೇಳುವ ಅವಳ ಕಂಪ್ಯೂಟರ್ ಮಾದರಿ ಸರಿಯೇ ಎಂದು ತೋರಿಸಲು ಕಿತ್ತಳೆ ಬಣ್ಣದ ಡ್ರಮ್ಮೊಂದನ್ನು, ನದಿ ಕಡಲು ಸೇರುವ ಅಳಿವೆಯ ಹೊರಗೆ ದೋಣಿಯಿಂದ ತೇಲಿಬಿಟ್ಟೆವು. ತಾನು ಸಾಗಿದ ದಾರಿಯನ್ನು ಅದು ಒಳಗೇ ದಾಖಲಿಸುತ್ತಿತ್ತು. ಎಲ್ಲಿದ್ದೇನೆಂದು ಫೋನಿಗೂ ಹೇಳುತ್ತಿತ್ತು. ಮರುದಿನ ಫೋನಿಗೆ ಹೇಳುವುದು ನಿಂತಿತು. ಡ್ರಮ್ ಸಿಗದಿದ್ದರೆ ಹೋಲಿಸಿ ನೋಡಲು ಏನೂ ಇಲ್ಲ. ಮಳೆಗಾಲ ಹತ್ತಿರ ಬಂದಿತ್ತು, ಆಮೇಲೆ ದೋಣಿ ಇಳಿಯುವುದಿಲ್ಲ. ಅವಳಿಗೆ ವಿಶ್ವವಿದ್ಯಾಲಯ ಕೊಟ್ಟ ಗಡುವು ಆ ಮಳೆಗಾಲದಲ್ಲೇ ಮುಗಿಯುತ್ತಿತ್ತು.

ಮಾದರಿಯನ್ನೇ ಕೇಳಿದೆವು. ಉತ್ತರಕ್ಕೆ ಹೋಗಿದೆ ಎಂದಿತು. ಉತ್ತರದ ಪಣಂಬೂರು ಬೀಚಿನ ಮರಳಿನಲ್ಲಿ ಸುಡುಬಿಸಿಲಿಗೆ ನಡೆದೆವು. ಒಂಟೆ ಸವಾರಿ ಮಾಡಿಸುವವನನ್ನೂ ಬಿಡದೆ ಕೇಳಿದೆ.

"ಡ್ರಮ್ಮಿನಲ್ಲಿ ಎಂತ ಉಂಟು?" ಎಂದ.

"ಮಾಹಿತಿ."

"ಬೆಲೆಬಾಳುವಂಥದ್ದು ಎಂತದೂ ಇಲ್ವಾ?"

ಅವಳು ಮುಂದೆ ನಡೆದಳು. ನನಗೆ ಡ್ರಮ್ ಯಾವುದೋ ಹಡಗಿಗೆ ಬಡಿದು, ಹಡಗು ಮುಳುಗಿ, ನನ್ನನ್ನು ಹುಡುಕಿಕೊಂಡು ಪೊಲೀಸರು ಬರುವವರೆಗೂ ಯೋಚನೆ ಹೋಗಿತ್ತು.

ನೆರಳಿನಲ್ಲಿ ಕೂತು ಅವಳು ಲ್ಯಾಪ್‌ಟಾಪ್ ತೆರೆದಳು. ಸ್ವಲ್ಪ ಹೊತ್ತು ನೋಡಿ ಕೇಳಿದಳು. "ಸರ್, ಗಾಳಿಯನ್ನು ನೀವು ಮುಟ್ಟಿದ್ರಾ?"

"ಮುಟ್ಟಿದ್ದಲ್ಲ. ದಿಕ್ಕು ತಿರುಗಿಸ್ಲಿಕ್ಕೆ ನೀನು ಮರೆತಿದ್ರೆ ಅಂತ ಒಂದು ಸಲ ತಿರುಗಿಸಿದೆ."

"ನಾನು ತಿರುಗಿಸಿಯೇ ಕೊಟ್ಟದ್ದು ಸರ್."

"ಹಾಗಾದ್ರೆ..."

"ಹಾಗಾದ್ರೆ ಎಂತ, ಗಾಳಿ ವಾಪಸ್ ಹುಟ್ಟೂರಿಗೇ ಹೋಯ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ನಾನು ಸೇರಿಸಿದ್ದ ಸಾಲನ್ನು ಅಳಿಸಿ ಮತ್ತೆ ಲೆಕ್ಕಕ್ಕೆ ಹಾಕಿದಳು. ಪರದೆಯ ಮೇಲಿನ ಚುಕ್ಕೆ ಈಗ ದಕ್ಷಿಣಕ್ಕೆ ಜಾರಿ, ಉಳ್ಳಾಲದ ಆಚೆ ದಡ ಸೇರಿತು.

ಕಾರಿನಲ್ಲಿ ಸೇತುವೆ ದಾಟುವಾಗ ಅವಸರಕ್ಕೆ ಇಬ್ಬರೂ ನದಿಯ ಕಡೆ ನೋಡಲಿಲ್ಲ. ಉಳ್ಳಾಲದಿಂದ ತೆಂಕಕ್ಕೆ, ಕಡಲ್ಕೊರೆತ ತಡೆಯಲೆಂದು ಹಾಕಿದ ಕಲ್ಲುಗಳ ಮೇಲೆ ನಡೆದೆವು. ಚಪ್ಪಲಿ, ಬಾಟಲಿ, ಹರಿದ ಬಲೆ. ಬಹಳ ದೂರ ಹೋದ ಮೇಲೆ ಎರಡು ಬಂಡೆಗಳ ನಡುವೆ ಕಿತ್ತಳೆ ಬಣ್ಣ ಕಂಡಿತು. ಅವಳು ಸೆರಗನ್ನು ಸೊಂಟಕ್ಕೆ ಬಿಗಿದು ಇಳಿದೇಬಿಟ್ಟಳು.

ಮುಚ್ಚಳ ಬಿಚ್ಚಿದಾಗ ಒಳಗೆ ಒಣಗಿಯೇ ಇತ್ತು. ಚಿಕ್ಕ ಹಸಿರು ದೀಪ ಮಿಣುಕುತ್ತಿತ್ತು. ದಾರಿ ದಾಖಲಾಗಿದ್ದ ಮೆಮೊರಿ ಕಾರ್ಡನ್ನು ತೆಗೆದು ಲ್ಯಾಪ್‌ಟಾಪಿಗೆ ಹಾಕಿದಳು. ದಾರಿಯೆಲ್ಲ ಇತ್ತು, ಅಳಿವೆಯಿಂದ ಈ ಬಂಡೆಯವರೆಗೆ. ಅವಳ ಚುಕ್ಕೆಯ ಪಕ್ಕಪಕ್ಕದಲ್ಲೇ ಅದೂ ಬಂದಿತ್ತು.

"ಸರಿಯಾಗಿ ಸೇವ್ ಆಯ್ತಾ ಅಂತ ಒಮ್ಮೆ ನೋಡ್ತೇನೆ" ಎಂದು ಕೈ ಚಾಚಿದೆ.

ಅವಳು ಲ್ಯಾಪ್‌ಟಾಪನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. "ಆಗಿದೆ ಸರ್. ನೀವು ಡ್ರಮ್ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಕಾರಿನವರೆಗೂ ಹೊತ್ತೆ. ಅದರ ಮುಚ್ಚಳ ಭದ್ರವಾಗಿದೆಯೇ ಎಂದು ಮಾತ್ರ ದಾರಿಯಲ್ಲಿ ನೋಡಿದೆ.